ಬೆಂಕಿಯನ್ನಾರಿಸುವವರ ಪ್ರಾಣರಕ್ಷಣೆ

ಚೈತ್ರಮಾಸದ ನಡುಹಗಲು. ಬಾಗಲಕೋಟೆ ಜಿಲ್ಲೆಯ ಹುನಗುಂದ ಸೀಮೆಯಲ್ಲಿರುವ ರಾಮಥಾಳದಂತಹ ಒಂದು ಊರನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಲಿ. ಜೋಳದ ಕೊಯ್ಲು, ಕಡಲೆಯ ಒಕ್ಕಣೆ ಎರಡೂ ಮುಗಿದಿವೆ. ಎರೆಯ ನೆಲ ಬಿರಿದು ಬಾಯಿ ಬಿಟ್ಟಿದೆ. ಊರಂಚಿನ ಹಿತ್ತಿಲುಗಳಲ್ಲಿ ಒಂದು ವರ್ಷದ ಮೇವೆಲ್ಲ ಕಣಿಕೆಯ ಬಣವೆಗಳಾಗಿ ನಿಂತಿದೆ. ಎಲ್ಲಿಂದಲೋ ಹಾರಿಬಂದ ಕಿಡಿಯೊಂದು ಬಣವೆಗೆ ತಗಲುತ್ತದೆ. ಊರವರು ಕೊಡ ಹಿಡಿದು ಓಡುತ್ತಾರೆ. ಯಾರೋ ಒಬ್ಬರು ದೂರವಾಣಿಯಲ್ಲಿ ಸುದ್ದಿ ಮುಟ್ಟಿಸುತ್ತಾರೆ. ಗಂಟೆ ಬಾರಿಸುತ್ತ ಅಗ್ನಿಶಾಮಕ ದಳದ ಕೆಂಪು ಬಂಡಿ ಬಂದು ನಿಲ್ಲುತ್ತದೆ. ಅದರಿಂದ ನಾಲ್ಕೈದು ಜನ ಕೆಳಕ್ಕೆ ಧುಮುಕುತ್ತಾರೆ. ಬಣವೆ ಉಳಿದೀತೆ, ಪಕ್ಕದ ಮನೆ ಉಳಿದೀತೆ ಎಂದು ಊರೆಲ್ಲ ನೋಡುತ್ತಿರುತ್ತದೆ. ನಾವು ಕೇಳಹೊರಟಿರುವ ಪ್ರಶ್ನೆ ಬೇರೆ. ಬಂದ ಆ ನಾಲ್ಕೈದು ಜನ ಕ್ಷೇಮವಾಗಿ ಹಿಂದಿರುಗುವರೆ? ಹಿಂದಿರುಗದಿದ್ದರೆ ಅವರನ್ನು ಕೊಂದದ್ದು ಯಾವುದು?

ಉರಿಯೇ ಕೊಂದಿತೆಂಬುದು ಸಾಮಾನ್ಯವಾದ ಭಾವನೆ. ಲೆಕ್ಕ ಹಿಡಿದು ನೋಡಿದವರು ಹಾಗೆ ಹೇಳುವುದಿಲ್ಲ. 1994ರಿಂದ 2004ರವರೆಗೆ ಅಮೆರಿಕದಲ್ಲಿ ಕರ್ತವ್ಯನಿರತರಾಗಿದ್ದು ಸತ್ತ ಅಗ್ನಿಶಾಮಕರ ವಿವರಗಳನ್ನು ಹಾರ್ವರ್ಡಿನ ಸಂಶೋಧಕರು ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದರು. ಆ ಸಾವುಗಳಲ್ಲಿ ನೂರಕ್ಕೆ 45 ಹೃದಯರೋಗದಿಂದ ಉಂಟಾದವು. ಉರಿಯನ್ನು ಎಲ್ಲರೂ ನೋಡಬಲ್ಲರು. ಕಾಣುವ ಶತ್ರುವಿನಿಂದ ಬುದ್ಧಿವಂತನು ಒಂದು ಮಾರು ದೂರ ನಿಲ್ಲಬಲ್ಲನು. ಕಣ್ಣಿಗೆ ಕಾಣದ ಅನಿಲ, ತನ್ನ ಮೈಯಲ್ಲಿಯೇ ಕೂಡಿಕೊಳ್ಳುವ ಕಾವು, ಅರಿವಿಲ್ಲದೆ ಜಾರುವ ನಿಮಿಷಗಳು, ಇತರರು ತಿಳಿದಿದ್ದೂ ತಿಳಿಸದೆ ಹೋದ ಸಂಗತಿ, ಇವು ಅವನನ್ನು ಕೊಲ್ಲುವ ಬಗೆ ಹೆಚ್ಚು ಸೂಕ್ಷ್ಮವಾದದ್ದು.

ಮೊದಲಿಗೆ ಹೊಗೆಯ ವಿಚಾರ. ಉರಿಯುತ್ತಿರುವ ಮೇಣದ ಬತ್ತಿಯನ್ನು ಊದಿ ಆರಿಸಿರಿ. ಬತ್ತಿಯ ತುದಿಯಿಂದ ಬಿಳಿಯ ಹೊಗೆಯ ಎಳೆಯೊಂದು ಮೇಲೇಳುತ್ತದೆ. ಬತ್ತಿಯನ್ನು ಮುಟ್ಟಿಸದೆ ಆ ಎಳೆಗೆ ಮಾತ್ರ ಕಡ್ಡಿ ಗೀರಿ ಹಿಡಿದರೆ ಜ್ವಾಲೆ ಎಳೆಯ ಗುಂಟ ಕೆಳಗಿಳಿದು ಬತ್ತಿಯನ್ನು ಮತ್ತೆ ಹೊತ್ತಿಸುತ್ತದೆ. ಕಟ್ಟಿಗೆಯಾಗಲಿ ಬಟ್ಟೆಯಾಗಲಿ ಜ್ವಾಲೆಯಾಗಿ ಉರಿಯುವಾಗ ಆಗುವುದೂ ಇದೇ. ಕಾವಿನಿಂದ ಆ ವಸ್ತು ಒಡೆದು ಅನಿಲಗಳು ಹೊರಬೀಳುತ್ತವೆ. ಉರಿಯುವುದು ಆ ಅನಿಲ. ಆದ್ದರಿಂದ ಹೊಗೆಯೆಂಬುದು ಬೆಂಕಿ ಬಿಟ್ಟುಹೋದ ಕಸವಲ್ಲ. ಇನ್ನೂ ಉರಿಯದೆ ಉಳಿದಿರುವ ಉರುವಲು.

ಮುಚ್ಚಿದ ಕೋಣೆಯಲ್ಲಿ ಈ ಉರುವಲು ಮಾಳಿಗೆಯ ಕೆಳಗೆ ಪದರವಾಗಿ ನಿಲ್ಲುತ್ತದೆ. ಅದರ ಉಷ್ಣತೆ 500–600 ಡಿಗ್ರಿ ಸೆಂಟಿಗ್ರೇಡಿಗೆ ಏರಿದಾಗ ಅದರಿಂದ ಕೆಳಮುಖವಾಗಿ ಹೊಮ್ಮುವ ಕಿರಣಗಳಿಗೆ ಕೋಣೆಯಲ್ಲಿರುವ ಎಲ್ಲ ವಸ್ತುಗಳೂ ಒಮ್ಮೆಗೇ ಭುಗಿಲೇಳುತ್ತವೆ. ಇದನ್ನು ಫ್ಲ್ಯಾಶ್‌ಓವರ್ ಎನ್ನುತ್ತಾರೆ. ಬೇಸಗೆಯ ನಡುಹಗಲಿನ ಸೂರ್ಯನಿಂದ ಒಂದು ಚದರ ಮೀಟರಿಗೆ ಸುಮಾರು 1 ಕಿಲೋವಾಟ್ ಶಾಖ ಬೀಳುತ್ತದೆ. ಫ್ಲ್ಯಾಶ್‌ಓವರ್ ಆಗುವ ಕೋಣೆಯ ನೆಲದ ಮೇಲೆ 20 ಕಿಲೋವಾಟ್. ಹುನಗುಂದದ ಬಿಸಿಲು ಎಷ್ಟೆಂದು ಬಲ್ಲವರು ಅದನ್ನು ಇಪ್ಪತ್ತರಿಂದ ಗುಣಿಸಿ ನೋಡಲಿ. ನಮ್ಮ ಚರ್ಮ 44 ಡಿಗ್ರಿಗೆ ಕಾದಾಗ ನೋವು ಆರಂಭವಾಗುತ್ತದೆ, 55ಕ್ಕೆ ಬೊಬ್ಬೆ ಏಳುತ್ತದೆ, 72ಕ್ಕೆ ತತ್‌ಕ್ಷಣ ನಾಶವಾಗುತ್ತದೆ. ಭುಗಿಲೆದ್ದ ಕೋಣೆಯಲ್ಲಿ ಅತ್ಯುತ್ತಮವಾದ ಉಡುಪು ತೊಟ್ಟವನಿಗೂ ಹೊರಬೀಳಲು ಕೆಲವು ಕ್ಷಣಗಳಷ್ಟೇ ಅವಕಾಶ.

ಈ ಸ್ಥಿತಿಯನ್ನು ಮುಟ್ಟಲು ಹಿಂದೆ ಬೆಂಕಿಗೆ ಬೇಕಾಗುತ್ತಿದ್ದ ಕಾಲ ಇಂದು ಬೇಕಾಗಿಲ್ಲ. ಅಮೆರಿಕದ ಪ್ರಯೋಗಶಾಲೆಯೊಂದರಲ್ಲಿ ಎರಡು ಕೋಣೆಗಳನ್ನು ಕಟ್ಟಿ ಬೆಂಕಿಯಿಟ್ಟರು. ಹಳೆಯ ಕಾಲದ ಮರ, ಹತ್ತಿಗಳ ಪೀಠೋಪಕರಣವಿದ್ದ ಕೋಣೆ ಭುಗಿಲೇಳಲು ಹೆಚ್ಚುಕಡಮೆ ಅರ್ಧ ಗಂಟೆ ಹಿಡಿಯಿತು. ಇಂದಿನ ಫೋಮ್ ಮತ್ತು ಕೃತಕ ನೂಲುಗಳಿದ್ದ ಕೋಣೆಗೆ ನಾಲ್ಕು ನಿಮಿಷವೂ ಬೇಕಾಗಲಿಲ್ಲ. ಅಗ್ನಿಶಾಮಕ ಬಂಡಿ ಎಷ್ಟೇ ಬೇಗ ಬಂದರೂ ಅದು ತಲಪುವುದು ಅನೇಕ ವೇಳೆ ಈ ಗಳಿಗೆಗೇ. ಹಳೆಯ ಅನುಭವವನ್ನು ನಂಬಿ “ಇನ್ನೂ ಹೊತ್ತಿದೆ” ಎಂದು ಒಳನುಗ್ಗುವ ಹಿರಿಯನು ಇಂದು ಹೊಸಬನಷ್ಟೇ ಅಪಾಯದಲ್ಲಿದ್ದಾನೆ.

ಇದು ಪಟ್ಟಣದ ಮಾತಾಯಿತು, ನಮ್ಮ ಹಳ್ಳಿಗಳಲ್ಲಿ ಉರಿಯುವುದು ಹುಲ್ಲು ಮಾತ್ರವಲ್ಲವೆ ಎಂದು ಕೇಳಬಹುದು. ಅಲ್ಲ. ರಾಮಥಾಳದ ಹೆಸರೇ ಈಚೆಗೆ ಹನಿ ನೀರಾವರಿಯೊಡನೆ ಸೇರಿಕೊಂಡಿದೆ. ನಾರಾಯಣಪುರ ಜಲಾಶಯದ ಹಿನ್ನೀರನ್ನು ಹುನಗುಂದ ಸೀಮೆಯ ಸುಮಾರು 24,000 ಹೆಕ್ಟೇರು ಹೊಲಗಳಿಗೆ ಕೊಳವೆಗಳಲ್ಲಿ ಹನಿಹನಿಯಾಗಿ ಒದಗಿಸುವ ರಾಮಥಾಳ–ಮರೋಳ ಯೋಜನೆಗಾಗಿ ನೆಲದಲ್ಲಿ ಹಾಸಿದ ಪ್ಲಾಸ್ಟಿಕ್ ಕೊಳವೆಗಳ ಉದ್ದ ಅಷ್ಟಿಷ್ಟಲ್ಲ. ಸುರುಳಿ ಸುತ್ತಿ ಬದುವಿನ ಮೇಲೋ ಹಿತ್ತಿಲಲ್ಲೋ ಇಟ್ಟ ಅಂತಹ ಕೊಳವೆಗೆ ಬಣವೆಯ ಬೆಂಕಿ ತಗಲಿದರೆ ಅದು ಹುಲ್ಲಿನ ಬೆಂಕಿಯಾಗಿ ಉಳಿಯುವುದಿಲ್ಲ. ಪಾಲಿಎಥಿಲೀನ್ ಕರಗಿ ಹರಿದು ದಟ್ಟವಾದ ಕರಿಹೊಗೆ ಬಿಡುತ್ತದೆ, ಪಿ.ವಿ.ಸಿ. ಉರಿದರೆ ಹೈಡ್ರೋಜನ್ ಕ್ಲೋರೈಡು ಹೊರಟು, ಶ್ವಾಸನಾಳದ ತೇವದಲ್ಲಿ ಕರಗಿ ಹೈಡ್ರೋಕ್ಲೋರಿಕ್ ಆಮ್ಲವಾಗುತ್ತದೆ. ಇನ್ನು ನೆರೆಯ ಇಳಕಲ್ಲಿನ ಮಗ್ಗದ ಮನೆಗಳನ್ನು ನೋಡೋಣ. ಹತ್ತಿಯ ನೂಲು ಸುಡುವಾಗ ಒಳಗೊಳಗೇ ಕನಲುತ್ತ ಬಹುಕಾಲ ಇರುತ್ತದೆ. ರೇಷ್ಮೆಯು ಸಾರಜನಕವುಳ್ಳ ವಸ್ತು. ಉಣ್ಣೆಯಂತೆ ಅದು ಉರಿದರೂ ಹೈಡ್ರೋಜನ್ ಸಯನೈಡೆಂಬ ಘೋರವಿಷ ಹುಟ್ಟುತ್ತದೆ. ಸೆರಗಿನ ಚೆಂದಕ್ಕೂ ಹೊಗೆಯ ವಿಷಕ್ಕೂ ಮೂಲ ಒಂದೇ ನೂಲು!

ಎಲ್ಲ ಬೆಂಕಿಗಳಿಗೂ ಸಾಮಾನ್ಯವಾದ ವಿಷ ಇಂಗಾಲದ ಮಾನಾಕ್ಸೈಡು. ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇದನ್ನು 200 ಪಾಲಿಗೂ ಮಿಗಿಲಾದ ಆಸೆಯಿಂದ ಅಪ್ಪಿಕೊಳ್ಳುತ್ತದೆ. ಹೀಗೆ ಸಿಕ್ಕಿಬಿದ್ದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊರಲಾರದು. ಮೊದಲು ಕೆಡುವುದು ಮಿದುಳಿನ ವಿವೇಚನೆ. ತಾನು ಸಾಯುತ್ತಿದ್ದೇನೆಂದು ತಿಳಿಯಬೇಕಾದ ಅಂಗವೇ ಮೊದಲು ಮಂಕಾಗುವುದರಿಂದ ಅಗ್ನಿಶಾಮಕನು ಬಾಗಿಲಿಗೆ ಎರಡು ಮಾರು ದೂರದಲ್ಲಿ ದಿಕ್ಕುಗಾಣದೆ ಕುಸಿಯುತ್ತಾನೆ.

ಗಾಳಿ ಮೋಸಮಾಡಬಲ್ಲದೆಂಬುದು ನಮ್ಮ ಉತ್ತರ ಕರ್ನಾಟಕದ ರೈತನಿಗೆ ಹೊಸ ವಿಷಯವಲ್ಲ. ನೆಲದೊಳಗೆ ಜೋಳ ತುಂಬಿಡುವ ಹಗೇವಿನ ಬಾಯಿ ತೆರೆದೊಡನೆ ಅನುಭವವುಳ್ಳವನು ಅದರೊಳಗೆ ಇಳಿಯುವುದಿಲ್ಲ. ಕೆಲಹೊತ್ತು ತೆರೆದಿಟ್ಟು, ಬಳಿಕ ದೀಪವೊಂದನ್ನು ಇಳಿಬಿಟ್ಟು ನೋಡುತ್ತಾನೆ. ಧಾನ್ಯದ ಉಸಿರಾಟದಿಂದ ಆಮ್ಲಜನಕ ತೀರಿ ಇಂಗಾಲಾಮ್ಲ ತುಂಬಿದ್ದರೆ ದೀಪ ನಂದುತ್ತದೆ. ಗಾಳಿಯಲ್ಲಿ 21 ಪಾಲಿರಬೇಕಾದ ಆಮ್ಲಜನಕ 16–17ಕ್ಕೆ ಇಳಿದಾಗಲೇ ದೀಪ ಆರುವುದರಿಂದ ಇದು ಒಳ್ಳೆಯ ಪರೀಕ್ಷೆ. ಮನುಷ್ಯನಿಗೆ ಅಷ್ಟರಲ್ಲಿ ಪ್ರಾಣಾಪಾಯವಿಲ್ಲ. ಆದರೆ ಇದೇ ದೀಪವನ್ನು ಸುಟ್ಟ ಮನೆಯಲ್ಲಿ ನಂಬಿದರೆ ಕೆಟ್ಟೆವು. ಪ್ರಾಣ ತೆಗೆಯುವಷ್ಟು ಮಾನಾಕ್ಸೈಡು ಇದ್ದಾಗಲೂ ದೀಪ ನಿಶ್ಚಿಂತೆಯಿಂದ ಉರಿಯುತ್ತಿರುತ್ತದೆ. ಜಾನ್ ಸ್ಕಾಟ್ ಹಾಲ್ಡೇನ್ ಎಂಬ ಶರೀರಶಾಸ್ತ್ರಜ್ಞರು 1890ರ ದಶಕದಲ್ಲಿ ಬ್ರಿಟನ್ನಿನ ಕಲ್ಲಿದ್ದಲ ಗಣಿಗಳ ಸ್ಫೋಟಗಳನ್ನು ಪರಿಶೀಲಿಸಿ ಇದನ್ನು ತೋರಿಸಿದರು. ಇಲಿ ಮತ್ತು ಕೆನರಿ ಹಕ್ಕಿಗಳನ್ನು ಗಣಿಗಿಳಿಸುವ ಪದ್ಧತಿ ಬಂದದ್ದು ಅವರ ಸಲಹೆಯಿಂದ. ಚುರುಕಾಗಿ ಉಸಿರಾಡುವ ಹಕ್ಕಿ ಮನುಷ್ಯನಿಗಿಂತ ಮೊದಲೇ ಒರಗುತ್ತಿತ್ತು. ಬ್ರಿಟನ್ನಿನ ಗಣಿಗಳಲ್ಲಿ ಈ ಹಕ್ಕಿಗಳು 1986ರವರೆಗೂ ಉದ್ಯೋಗದಲ್ಲಿದ್ದವು. ಇಂದು ಅವುಗಳ ಕೆಲಸವನ್ನು ಅಂಗೈಯಗಲದ ವಿದ್ಯುದುಪಕರಣ ಮಾಡುತ್ತದೆ.

ಹಗೇವಿನ ದುರಂತಗಳಲ್ಲಿ ಇನ್ನೊಂದು ಕ್ರೂರವಾದ ಕ್ರಮವಿದೆ. ಮೊದಲು ಇಳಿದವನು ಮಾತಾಡುವುದಿಲ್ಲ, ಅವನನ್ನೆತ್ತಲು ತಮ್ಮ ಇಳಿಯುತ್ತಾನೆ, ತಮ್ಮನನ್ನೆತ್ತಲು ನೆರೆಯವನು. ಹಾಳುಬಾವಿಯಲ್ಲಿಯೂ ಮಲಗುಂಡಿಯಲ್ಲಿಯೂ ಹೀಗೆಯೇ. ಬಾಯಿಗೆ ಒದ್ದೆ ಟವೆಲು ಕಟ್ಟಿಕೊಂಡರೆ ಸಾಕೆಂಬ ನಂಬಿಕೆ ಈ ಸರಪಳಿಗೆ ಒತ್ತಾಸೆಯಾಗಿದೆ. ಒದ್ದೆ ಬಟ್ಟೆ ಮಸಿಯನ್ನು ಹಿಡಿಯುತ್ತದೆ, ನೀರಿನಲ್ಲಿ ಕರಗುವ ಅನಿಲವನ್ನು ಕೊಂಚ ತಡೆಯುತ್ತದೆ. ಮಾನಾಕ್ಸೈಡು ಅದರೊಳಗಿಂದ ನಿರಾತಂಕವಾಗಿ ಹಾದುಹೋಗುತ್ತದೆ. ಇಲ್ಲದ ಆಮ್ಲಜನಕವನ್ನಂತೂ ಯಾವ ಬಟ್ಟೆಯೂ ತಂದುಕೊಡಲಾರದು.

ಆದ್ದರಿಂದ ಅಗ್ನಿಶಾಮಕನು ತನ್ನ ಗಾಳಿಯನ್ನು ತಾನೇ ಹೊತ್ತೊಯ್ಯಬೇಕು. ಬೆನ್ನಿನ ಮೇಲಿನ ಉರುಳೆಯಲ್ಲಿ ಹಿಡಿಯುವುದೆಷ್ಟು? 6 ಲೀಟರಿನ ಉರುಳೆಯಲ್ಲಿ ವಾಯುಭಾರದ 300 ಪಟ್ಟು ಒತ್ತಡದಿಂದ ಗಾಳಿ ತುಂಬಿದರೆ, ಬಾಯ್ಲನ ನಿಯಮದಂತೆ ಸುಮಾರು 1800 ಲೀಟರು. ನಿಮಿಷಕ್ಕೆ 40 ಲೀಟರು ಉಸಿರಾಡುವವನಿಗೆ ಇದು 45 ನಿಮಿಷ. ಆದರೆ ಕತ್ತಲಲ್ಲಿ ನೀರು ತುಂಬಿದ ಕೊಳವೆ ಎಳೆಯುತ್ತ, ಅಂಬೆಗಾಲಿಡುತ್ತ, ಹೆದರಿಕೆಯೂ ಸೇರಿದವನು 70 ಲೀಟರು ಸೇವಿಸಬಹುದು. ಆಗ ಅರ್ಧ ಗಂಟೆಯೂ ಇಲ್ಲ. ಒತ್ತಡ 50ಕ್ಕೆ ಇಳಿದಾಗ ಸಿಳ್ಳು ಕೂಗುವಂತೆ ಏರ್ಪಾಡಿರುತ್ತದೆ. ಉಳಿದಿರುವ 300 ಲೀಟರು 70ರ ಲೆಕ್ಕದಲ್ಲಿ ನಾಲ್ಕು ನಿಮಿಷಕ್ಕೆ ಸ್ವಲ್ಪ ಹೆಚ್ಚು. ಒಳಹೋಗಲು ಹತ್ತು ನಿಮಿಷ ಹಿಡಿದಿದ್ದರೆ ಸಿಳ್ಳು ಕೂಗಿದ ಮೇಲೆ ಹಿಂದಿರುಗಿ ಬದುಕುವಂತಿಲ್ಲ. ಹೊರಡುವ ಹೊತ್ತನ್ನು ಸಿಳ್ಳು ಹೇಳಬಾರದು, ಲೆಕ್ಕ ಹೇಳಬೇಕು.

ಆ ಲೆಕ್ಕವನ್ನು ಇಡಬೇಕಾದವನು ಒಳಗಿರುವವನಲ್ಲ. ಈ ಪಾಠವನ್ನು ಕಲಿಸಿದ್ದು ಲಂಡನ್ನಿನ ಸ್ಮಿತ್‌ಫೀಲ್ಡ್ ಮಾರುಕಟ್ಟೆಯಲ್ಲಿ 1958ರ ಜನವರಿಯಲ್ಲಿ ಬಿದ್ದ ಬೆಂಕಿ. ಕೋಳಿಮಾಂಸದ ಆ ಮಾರುಕಟ್ಟೆಯ ಕೆಳಗೆ ಚಕ್ರವ್ಯೂಹದಂತಹ ನೆಲಮಾಳಿಗೆಯಿತ್ತು. ಉಸಿರಾಟದ ಉಪಕರಣ ಧರಿಸಿ ಅದರೊಳಗೆ ಹೋದ ಇಬ್ಬರು ಹಿಂದಿರುಗಲಿಲ್ಲ. ಯಾರು ಯಾವಾಗ ಒಳಗೆ ಹೋದರು, ಯಾರ ಗಾಳಿ ಎಂದಿಗೆ ತೀರುತ್ತದೆ ಎಂಬುದನ್ನು ಹೊರಗೆ ಕಟ್ಟುನಿಟ್ಟಾಗಿ ಗುರುತಿಟ್ಟುಕೊಳ್ಳುವ ಕ್ರಮ ಆ ಬಳಿಕ ಬ್ರಿಟನ್ನಿನಲ್ಲಿ ನೆಲೆಗೊಂಡಿತು. ಪ್ರತಿಯೊಬ್ಬನಿಗೂ ಒಂದು ಬಿಲ್ಲೆ. ಒಳಹೋಗುವಾಗ ಅದನ್ನು ಬಾಗಿಲ ಬಳಿಯ ಹಲಗೆಗೆ ಸಿಕ್ಕಿಸಿ, ಹೆಸರು, ಹೊತ್ತು, ಒತ್ತಡ ಬರೆಯುತ್ತಾರೆ. ಹಲಗೆಯ ಮುಂದೆ ನಿಂತವನಿಗೆ ಬೇರೆ ಕೆಲಸವಿಲ್ಲ. ಬೆಂಕಿ ಎಷ್ಟೇ ಜೋರಾಗಿರಲಿ, ಅವನು ಕೊಳವೆ ಹಿಡಿಯುವುದಿಲ್ಲ. ಜನ ಕಡಮೆಯಿರುವ ನಮ್ಮ ಚಿಕ್ಕ ಠಾಣೆಗಳಲ್ಲಿ ಒಬ್ಬನನ್ನು ಹೀಗೆ “ಸುಮ್ಮನೆ” ನಿಲ್ಲಿಸುವುದು ದುಂದೆಂದು ತೋರಬಹುದು. ನಮ್ಮ ಅಭಿಪ್ರಾಯದಲ್ಲಿ ಆ ನಿಂತವನೇ ದಳದ ಅತ್ಯಂತ ಉಪಯುಕ್ತ ಮನುಷ್ಯ. ಈಗ ಉಡುಪಿಗೆ ಸಿಕ್ಕಿಸುವ ಪುಟ್ಟ ಯಂತ್ರವೂ ಬಂದಿದೆ. ತೊಟ್ಟವನು ಅರ್ಧ ನಿಮಿಷ ಅಲುಗಾಡದಿದ್ದರೆ ಅದು ತಾನೇ ಕಿರಿಚುತ್ತದೆ.

ಇನ್ನು ಮೈಯ ಕಾವು. ದುಡಿಯುವ ದೇಹ ಕಾವನ್ನು ಹುಟ್ಟಿಸುತ್ತದೆ. ಬೆವರು ಆರಿ ಆ ಕಾವು ಕಳೆಯುತ್ತದೆ. ಒಂದು ಲೀಟರು ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಹೊರಹೋಗುತ್ತದೆ. ಹೊರಗಿನ ಉರಿಯನ್ನು ತಡೆಯುವ ದಪ್ಪನೆಯ ಉಡುಪು ಬೆವರಿನ ಆವಿಯನ್ನೂ ತಡೆಯುತ್ತದೆ. ಬೆವರು ಸುರಿಯುತ್ತದೆ, ಆರುವುದಿಲ್ಲ. ನೀರು ಹೋಯಿತು, ತಂಪು ಬರಲಿಲ್ಲ. ಉಡುಪು ಉಪಕರಣಗಳ ಭಾರವೇ 20 ಕಿಲೋಗ್ರಾಂ ಮೀರುತ್ತದೆ. ರಕ್ತದ ನೀರಿನಂಶ ಕುಗ್ಗಿ, ಹೆಪ್ಪುಗಟ್ಟುವ ಗುಣ ಹೆಚ್ಚಿ, ಹೃದಯ ತನ್ನ ಗರಿಷ್ಠ ವೇಗದ ಹತ್ತಿರ ಬಡಿಯುತ್ತದೆ. ಹಾರ್ವರ್ಡಿನ ಅದೇ ಲೆಕ್ಕದಂತೆ, ಉರಿಯೊಡನೆ ನೇರವಾಗಿ ಹೋರಾಡುವ ಕಾಲ ಅಗ್ನಿಶಾಮಕನ ಉದ್ಯೋಗದ ನೂರರಲ್ಲಿ ಐದು ಪಾಲನ್ನೂ ಮೀರುವುದಿಲ್ಲ. ಹೃದಯದ ಸಾವುಗಳಲ್ಲಿ 32 ಪಾಲು ಆ ಸ್ವಲ್ಪ ಕಾಲದಲ್ಲಿಯೇ ಸಂಭವಿಸಿದ್ದವು.

ಈ ಲೆಕ್ಕ ಬಂದದ್ದು ತಂಪು ದೇಶದಿಂದ. ನೆರಳಿನಲ್ಲಿಯೇ 40 ಡಿಗ್ರಿ ದಾಟುವ ನಮ್ಮ ಬಯಲುಸೀಮೆಯ ಬೇಸಗೆಯಲ್ಲಿ ಹೋರಾಟ ಆರಂಭವಾಗುವ ಮುನ್ನವೇ ದೇಹ ಅರ್ಧ ಸೋತಿರುತ್ತದೆ. ಉಪಾಯಗಳು ಸರಳವಾದವು. ಒಂದು ಉರುಳೆ ತೀರಿದವನು ವಿಶ್ರಾಂತಿಯಿಲ್ಲದೆ ಮತ್ತೊಂದನ್ನು ಬೆನ್ನಿಗೇರಿಸಬಾರದು. ನೆರಳಿಗೆ ಬಂದೊಡನೆ ಅಂಗಿ, ಶಿರಸ್ತ್ರಾಣ ಬಿಚ್ಚಬೇಕು, ಬಾಯಾರಿಕೆಗೆ ಕಾಯದೆ ನೀರು ಕುಡಿಯಬೇಕು, ಎರಡೂ ಕೈಗಳನ್ನು ಮೊಣಕೈವರೆಗೆ ತಣ್ಣೀರಿನಲ್ಲಿ ಮುಳುಗಿಸಿ ಕುಳಿತಿರಬೇಕು. ಮುಂಗೈಯಲ್ಲಿ ರಕ್ತನಾಳಗಳು ಚರ್ಮಕ್ಕೆ ಸಮೀಪವಾಗಿರುವುದರಿಂದ ರಕ್ತ ಅಲ್ಲಿ ತಂಪಾಗಿ ಒಡಲಿಗೆ ಹಿಂದಿರುಗುತ್ತದೆ. ಇದಕ್ಕೆ ಬೇಕಾದ ಯಂತ್ರ ಒಂದು ಬಕೀಟು. ವರ್ಷಕ್ಕೊಮ್ಮೆ ಹೃದಯದ ತಪಾಸಣೆಯೂ ಅದೇ ಬಗೆಯ, ಪದಕಕ್ಕಿಂತ ಅಗ್ಗವಾದ ಏರ್ಪಾಡು.

ಕಾಡಿನ ಬೆಂಕಿಗೆ ಬೇರೆಯೇ ಶಾಸ್ತ್ರವಿದೆ, ಮತ್ತು ನಮ್ಮ ನಾಡಿಗೆ ಅದು ನೇರವಾಗಿ ಸಂಬಂಧಿಸಿದೆ. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸುತ್ತಿದ್ದ ತರುಣ ಅರಣ್ಯರಕ್ಷಕರೊಬ್ಬರು ಮಡಿದರು. 2023ರ ಫೆಬ್ರವರಿಯಲ್ಲಿ ಸಕಲೇಶಪುರ ತಾಲ್ಲೂಕಿನ ಕಾಡುಮನೆಯ ಬಳಿ ಮತ್ತೊಬ್ಬ ಅರಣ್ಯರಕ್ಷಕರು ಸುಟ್ಟಗಾಯಗಳಿಂದ ಪ್ರಾಣಬಿಟ್ಟರು. ನಮ್ಮ ಕಾಡುಗಳಲ್ಲಿ ಇಂದಿಗೂ ಮುಖ್ಯ ಆಯುಧ ಹಸಿಸೊಪ್ಪಿನ ಕೊಂಬೆ. ಅದರಿಂದ ಬಡಿಯಬೇಕಾದರೆ ಉರಿಯಿಂದ ಒಂದು ಮಾರಿನೊಳಗೆ ನಿಲ್ಲಬೇಕು. ಒಣಗಿದ ಲಂಟಾನದ ಪೊದೆಯಿದ್ದರೆ ಆ ಉರಿ ನೆಲದಿಂದ ತಲೆಯ ಮೇಲಕ್ಕೆ ಎದ್ದೀತು. ಇಳಿಜಾರಿನಲ್ಲಿ ಬೆಂಕಿ ಮೇಲ್ಮುಖವಾಗಿ ಓಡುತ್ತದೆ, ಏಕೆಂದರೆ ಜ್ವಾಲೆ ಮುಂದಿನ ಹುಲ್ಲಿನ ಮೇಲೆ ಬಾಗಿ ಅದನ್ನು ಮೊದಲೇ ಕಾಯಿಸಿರುತ್ತದೆ. ಇಳಿಜಾರು 10 ಡಿಗ್ರಿ ಹೆಚ್ಚಿದಂತೆಲ್ಲ ವೇಗ ಸುಮಾರು ಇಮ್ಮಡಿಸುತ್ತದೆ. ಮನುಷ್ಯನ ವೇಗವೋ, ಏರಿನಲ್ಲಿ ಕುಗ್ಗುತ್ತದೆ.

1949ರ ಆಗಸ್ಟ್ 5ರಂದು ಅಮೆರಿಕದ ಮೊಂಟಾನ ಪ್ರಾಂತದ ಮ್ಯಾನ್ ಗಲ್ಚ್ ಕಣಿವೆಯಲ್ಲಿ ಹದಿನಾರು ಜನರನ್ನು ಇಂತಹ ಬೆಂಕಿ ಅಟ್ಟಿಸಿಕೊಂಡು ಬಂತು. ಮುಖಂಡನಾದ ವ್ಯಾಗ್ನರ್ ಡಾಡ್ಜ್ ಓಡುವುದನ್ನು ನಿಲ್ಲಿಸಿ, ಕಡ್ಡಿ ಗೀರಿ ತನ್ನ ಮುಂದಿನ ಹುಲ್ಲಿಗೆ ಬೆಂಕಿಯಿಟ್ಟು, ಸುಟ್ಟ ಬೂದಿಯ ಮೇಲೆ ಬೋರಲಾಗಿ ಮಲಗಿದನು. ದೊಡ್ಡ ಬೆಂಕಿಗೆ ಅಲ್ಲಿ ತಿನ್ನಲು ಏನೂ ಉಳಿದಿರಲಿಲ್ಲ. ಅದು ಅವನನ್ನು ಸುತ್ತಿ ಹಾದುಹೋಯಿತು. ಬನ್ನಿರೆಂದು ಅವನು ಕೂಗಿದರೂ ಒಬ್ಬರೂ ಬರಲಿಲ್ಲ. ಹದಿಮೂರು ಜನ ಸತ್ತರು. ಅವರನ್ನು ಹೇಡಿಗಳೆಂದಾಗಲಿ ಮೂಢರೆಂದಾಗಲಿ ಹೇಳಲಾಗದು. ಮೊದಲೇ ಹೇಳಿಕೊಡದ ಉಪಾಯವನ್ನು, ಅದೂ ಬೆಂಕಿಯ ಮುಂದೆ ಬೆಂಕಿಯಿಡುವಂತಹ ಉಪಾಯವನ್ನು, ಓಡುತ್ತಿರುವವನು ಹೇಗೆ ನಂಬಿಯಾನು? ಕಾಡಿನ ಬೆಂಕಿಗೆ ಹೋಗುವ ತಂಡಗಳಿಗೆ ಇಂದು ನಾಲ್ಕು ಮಾತು ಕಲಿಸುತ್ತಾರೆ: ಎತ್ತರದಲ್ಲಿ ಒಬ್ಬ ಕಾವಲುಗಾರ, ಅವನೊಡನೆ ಕಡಿಯದ ಸಂಪರ್ಕ, ಮೊದಲೇ ನಡೆದು ನೋಡಿದ ಹಿಂದಾರಿ, ಆ ದಾರಿಯ ಕೊನೆಗೆ ಸುಟ್ಟ ಅಥವಾ ಬೋಳಾದ ನೆಲ. ಇವಿಲ್ಲದೆ ಕೊಂಬೆ ಹಿಡಿದು ಇಳಿಯುವುದನ್ನು ನಾವು ಸಾಹಸವೆನ್ನಲಾರೆವು.

ತಿಳಿಯದೆ ಹೋದದ್ದರಿಂದ ಆಗುವ ಸಾವಿಗೂ, ತಿಳಿದೂ ನಿರ್ಧಾರವಾಗದೆ ಆಗುವ ಸಾವಿಗೂ ನಮ್ಮ ದೇಶದ ಅತಿ ದೊಡ್ಡ ಉದಾಹರಣೆ ಮುಂಬಯಿಯದು. 1944ರ ಏಪ್ರಿಲ್ 14. ವಿಕ್ಟೋರಿಯ ಡಾಕಿನಲ್ಲಿ ನಿಂತಿದ್ದ ‘ಫೋರ್ಟ್ ಸ್ಟಿಕಿನ್’ ಎಂಬ ಹಡಗಿನಲ್ಲಿ ಸುಮಾರು 1400 ಟನ್ ಸಿಡಿಮದ್ದು ಮತ್ತು ಹತ್ತಿಯ ಅಂಡಿಗೆಗಳಿದ್ದವು. ಮಧ್ಯಾಹ್ನ ಸುಮಾರು 2 ಗಂಟೆಗೆ ಎರಡನೆಯ ಉಗ್ರಾಣದಲ್ಲಿ ಹೊಗೆ ಕಂಡಿತು. ಇಳಕಲ್ಲಿನ ನೂಲಿನ ವಿಷಯದಲ್ಲಿ ಹೇಳಿದಂತೆ ಹತ್ತಿ ಒಳಗೊಳಗೇ ಕನಲುತ್ತಿತ್ತು. ದಟ್ಟ ಹೊಗೆಯಲ್ಲಿ ಬೆಂಕಿಯ ಮೂಲ ಸಿಕ್ಕಲಿಲ್ಲ. 900 ಟನ್ನಿಗೂ ಮಿಗಿಲಾಗಿ ನೀರು ಸುರಿದರು; ಹಡಗಿನೊಳಗೆ ನೀರೇ ಕುದಿಯತೊಡಗಿತು. ಹಡಗನ್ನು ಹೊರಗೆ ಸಾಗಿಸಬೇಕೆಂದು ಒಬ್ಬರು, ಅಲ್ಲಿಯೇ ಮುಳುಗಿಸಬೇಕೆಂದು ಇನ್ನೊಬ್ಬರು. ಎಲ್ಲರಿಗೂ ಆಜ್ಞೆ ಮಾಡಬಲ್ಲ ಒಬ್ಬ ಅಧಿಕಾರಿಯಿರಲಿಲ್ಲ. 3 ಗಂಟೆ 50 ನಿಮಿಷಕ್ಕೆ ಹಡಗನ್ನು ಬಿಡಲು ಅಪ್ಪಣೆಯಾಯಿತು. 4 ಗಂಟೆ 6 ನಿಮಿಷಕ್ಕೆ ಹಡಗು ಸಿಡಿದು ಎರಡು ತುಂಡಾಯಿತು. ಅರ್ಧ ಗಂಟೆಯೊಳಗೆ ಮತ್ತೊಂದು ಸ್ಫೋಟ. ಕೊಲಾಬಾ ವೀಕ್ಷಣಾಲಯದ ಭೂಕಂಪಮಾಪಕವು ಎರಡನ್ನೂ ದಾಖಲಿಸಿತು. ಬಹುದೂರದ ಸಿಮ್ಲಾದಲ್ಲಿಯೂ ನೆಲ ನಡುಗಿದ್ದು ಗುರುತಾಯಿತು. ಮುಂಬಯಿ ಅಗ್ನಿಶಾಮಕ ದಳದ 66 ಜನ ಸತ್ತರು. ದೇಶದಲ್ಲೆಲ್ಲ ಏಪ್ರಿಲ್ 14ರಿಂದ ಅಗ್ನಿಶಾಮಕ ಸಪ್ತಾಹ ಆಚರಿಸುವುದು ಅವರ ಸ್ಮರಣೆಗಾಗಿಯೇ.

ಹಡಗಿನಲ್ಲಿದ್ದ ಹತ್ತಿ ಮತ್ತು ಮದ್ದಿನ ಜೋಡಿ ಬೇರೆ ವೇಷದಲ್ಲಿ ನಮ್ಮ ಹಿತ್ತಿಲುಗಳಲ್ಲಿಯೂ ಇದೆ. ಬಣವೆಯ ಮಗ್ಗುಲಿನ ಕೊಟ್ಟಿಗೆಯಲ್ಲಿ ಕೀಟನಾಶಕದ ಡಬ್ಬಿಗಳಿರಬಹುದು, ಅಡಿಗೆಯ ಗ್ಯಾಸಿನ ಉರುಳೆಯಿರಬಹುದು, ಪಂಪಿಗೆ ಎಳೆದ ವಿದ್ಯುತ್ ತಂತಿ ನೆಲದ ಮೇಲೆ ಬಿದ್ದಿರಬಹುದು. ಕಾದ ಗ್ಯಾಸಿನ ಉರುಳೆಯ ಒಡಲು ಮೆತ್ತಗಾಗಿ ಹರಿದಾಗ ಒಳಗಿನ ದ್ರವವೆಲ್ಲ ಒಮ್ಮೆಗೇ ಆವಿಯಾಗಿ ಬೆಂಕಿಯ ಉಂಡೆಯಾಗುತ್ತದೆ. ಬಂಡಿಯಿಂದಿಳಿದವನು ಇದಾವುದನ್ನೂ ಅರಿಯ, ಮನೆಯವರು ಅರಿಯುವರು. ಅವನು ಇಳಿದ ಮೊದಲ ನಿಮಿಷದಲ್ಲಿ ಒಬ್ಬರು, ಒಬ್ಬರೇ, ಎದುರು ಹೋಗಿ ಒಳಗೆ ಯಾರಿದ್ದಾರೆ, ಉರುಳೆ ಎಲ್ಲಿದೆ, ಔಷಧ ಎಲ್ಲಿದೆ, ವಿದ್ಯುತ್ತು ಕಡಿದಿದೆಯೇ ಎಂಬುದನ್ನು ಹೇಳಿದರೆ ಸಾಕು. ಹತ್ತು ಜನ ಹತ್ತು ಕಡೆಯಿಂದ ಕೂಗಿದರೆ ಅದೂ ಮುಂಬಯಿಯಂತೆಯೇ ಆದೀತು.

ಬೆಂಕಿ ಆರಿದ ಮೇಲೂ ಒಂದು ಕೆಲಸ ಉಳಿಯುತ್ತದೆ. ಲಿಯೋನಿನಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು 2022ರಲ್ಲಿ ಅಗ್ನಿಶಾಮಕನ ಉದ್ಯೋಗವನ್ನೇ ಕ್ಯಾನ್ಸರುಕಾರಕಗಳ ಮೊದಲನೆಯ ವರ್ಗಕ್ಕೆ ಸೇರಿಸಿತು. ಮಸಿಗೆ ಅಂಟಿದ ರಾಸಾಯನಿಕಗಳು ಕತ್ತು, ಮಣಿಕಟ್ಟುಗಳ ಬೆವೆತ ಚರ್ಮದ ಮೂಲಕ ಒಳಸೇರುತ್ತವೆ. ಮಸಿ ಹಿಡಿದ ಅಂಗಿಯನ್ನು ಶೌರ್ಯದ ಗುರುತೆಂದು ಮೆರೆಸುತ್ತಿದ್ದ ಕಾಲವೊಂದಿತ್ತು. ಈಗ ಒಳ್ಳೆಯ ದಳಗಳಲ್ಲಿ ಅದನ್ನು ಸ್ಥಳದಲ್ಲಿಯೇ ನೀರಿನಿಂದ ತೊಳೆದು, ಬಿಚ್ಚಿ, ಚೀಲದಲ್ಲಿ ಕಟ್ಟಿ, ಬಂಡಿಯಲ್ಲಿ ಜನ ಕುಳಿತುಕೊಳ್ಳುವ ಭಾಗದಿಂದ ದೂರವಿಡುತ್ತಾರೆ. ಠಾಣೆ ಸೇರಿದೊಡನೆ ಸ್ನಾನಮಾಡುತ್ತಾರೆ. ಆ ಬಟ್ಟೆಯನ್ನು ಮನೆಯ ಬಟ್ಟೆಗಳೊಡನೆ ಒಗೆಯಲು ಒಯ್ಯುವುದಿಲ್ಲ.